ಮಡಿಕೇರಿಯ ಕೋಟೆಯಲ್ಲಿ ದೊರೆತ ಸ್ನೇಹಿತರು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೂ ಡಿಸೆಂಬರ್ ತಿಂಗಳ ಪ್ರವಾಸಗಳನ್ನು ಮರೆತಿರಲಾರರು. ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಳ್ಳುವ ಸಡಗರ, ಬಸ್ಸಿನಲ್ಲಿ ಕಿಟಕಿಯ ಸ್ಥಳಕ್ಕಾಗಿ ನಡೆಯುವ ಕಲಹ, ಸಂಪಾಜೆಯ ಘಟ್ಟವನ್ನೇರುವಾಗ ತಲೆತಿರುಗಿ ಉಪಾಧ್ಯಾಯಿನಿಯರ ಮಡಿಲಲ್ಲಿ ಮಲಗುವವರ ಅವಸ್ಥೆ, ಇವೆಲ್ಲವೂ ನಿಮಗೆ ತಿಳಿದೇ ಇವೆ. ಆದುದರಿಂದ ಅವುಗಳನ್ನು ಬಿಟ್ಟು, ಕೆಲವು ವರ್ಷಗಳ ಹಿಂದೆ ಮಡಿಕೇರಿಯಲ್ಲಿ ನನಗೆ ದೊರೆತ ಒಬ್ಬ ಸ್ನೇಹಿತರ ವಿಷಯವನ್ನು ಇಲ್ಲಿ ಬರೆಯುತ್ತೇನೆ.

ಚರಿತ್ರೆಯನ್ನು ಕಲಿಸುವವಳಾದ ನಾನು ಆ ಸಲ ಚೆನ್ನಾಗಿ ಸಿದ್ಧಳಾಗಿ ಹೊರಟಿದ್ದೆನು. ಮುದ್ದುರಾಜನು 1681 ರಲ್ಲಿ ಮಡಿಕೇರಿಯನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡುದು, ಟಿಪ್ಪು ಸುಲ್ತಾನನು ಕೋಟೆಯನ್ನು ಕಲ್ಲಿನಿಂದ ಕಟ್ಟಿಸಿ ಅದಕ್ಕೆ ಜಾಫರಾಬಾದ್ ಎಂದು ಹೆಸರಿಟ್ಟುದು, ದೊಡ್ಡವೀರರಾಜೇಂದ್ರನು 1790 ರಲ್ಲಿ ಅದನ್ನು ಮರಳಿ ಪಡೆದುದು, ಲಿಂಗರಾಜೇಂದ್ರನು 1812 ರಿಂದ 1814 ರ ವರೆಗೆ ಅರಮನೆಯನ್ನು ಹೊಸದಾಗಿ ಕಟ್ಟಿಸಿದುದು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಕ್ರಮವಾಗಿ ಬರೆದುಕೊಂಡಿದ್ದೆನು. ಕೋಟೆಯ ಬಾಗಿಲಲ್ಲಿ ವೃದ್ಧರೊಬ್ಬರು ಮುಂದೆ ಬಂದು, "ಅಮ್ಮಾ, ಮಕ್ಕಳಿಗೆ ಎಲ್ಲ ತೋರಿಸಿ ಹೇಳುತ್ತೇನೆ" ಎಂದಾಗ, ನಮಗೆ ಇವರ ಅವಶ್ಯವಿಲ್ಲವೆಂದೇ ನನಗೆ ತೋರಿತು. ಆದರೂ ಬಿಸಿಲಿನಲ್ಲಿ ನಿಂತಿದ್ದ ಅವರ ಮುಖವನ್ನು ನೋಡಿ ಒಪ್ಪಿಕೊಂಡೆನು. ಅವರು ಮೊದಲು ಕಾಫಿ ತೋಟವೊಂದರಲ್ಲಿ ದುಡಿಯುತ್ತಿದ್ದವರೆಂದೂ, ಮೈಯಲ್ಲಿ ಶಕ್ತಿ ಕುಂದಿದ ಮೇಲೆ ಈ ಕೆಲಸಕ್ಕೆ ಬಂದವರೆಂದೂ ಅನಂತರ ತಿಳಿಯಿತು.

ಕೋಟೆಯೊಳಗೆ ಈಶಾನ್ಯದ ಮೂಲೆಯಲ್ಲಿ ಗಾರೆಯಿಂದ ಮಾಡಿದ ಎರಡು ಆನೆಗಳಿವೆ. ನಿಜವಾದ ಆನೆಗಳಷ್ಟೇ ದೊಡ್ಡವು. ಅರಸನು ಕೋಪದ ಭರದಲ್ಲಿ ತನ್ನ ಮುದ್ದಿನ ಆನೆಗಳನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಅವುಗಳ ನೆನಪಿಗೆ ಇವನ್ನು ಮಾಡಿಸಿದನೆಂಬ ಕಥೆಯನ್ನು ಆ ಹಿರಿಯರು ರಸವತ್ತಾಗಿ ಹೇಳಿದರು. ಹುಡುಗಿಯರು ಕಣ್ಣರಳಿಸಿ ಕೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, "ಇದಕ್ಕೆ ಲಿಖಿತ ಆಧಾರವಿಲ್ಲ. ಕಥೆಯನ್ನು ಚರಿತ್ರೆಯೆಂದು ಬರೆದುಕೊಳ್ಳಬೇಡಿರಿ" ಎಂದೆನು. ಮಾತು ಸರಿಯಾದುದೇ ಆಗಿತ್ತು; ಆದರೆ ಅದನ್ನು ನಲವತ್ತು ಮಕ್ಕಳ ಮುಂದೆ, ನನ್ನ ತಂದೆಯ ವಯಸ್ಸಿನವರಿಗೆ, ಆ ಧ್ವನಿಯಲ್ಲಿ ಹೇಳಬೇಕಾಗಿರಲಿಲ್ಲ. ಅವರು ತಲೆಬಾಗಿ, "ಇರಬಹುದಮ್ಮಾ" ಎಂದಷ್ಟೇ ಹೇಳಿ ಮುಂದೆ ನಡೆದರು.

ಅಲ್ಲಿಂದ ಹಳೆಯ ಇಗರ್ಜಿಯ ಬಳಿಗೆ ಬಂದೆವು. ಅದು ಈಗ ಸರಕಾರದ ವಸ್ತುಸಂಗ್ರಹಾಲಯವಾಗಿದೆ. ಆಂಗ್ಲರ ಕಾಲದಲ್ಲಿ ಕಟ್ಟಿದ ಇಗರ್ಜಿಯೆಂದು ಹೇಳಿ ನಾನು ಮುಗಿಸಿದೆನು. ಆಗ ಅವರು ಮೆಲ್ಲಗೆ, "ಅದಕ್ಕೆ ಮೊದಲು ಇಲ್ಲಿ ವೀರಭದ್ರನ ಗುಡಿಯಿತ್ತು" ಎಂದರು. ಅದೂ ನಿಜವೇ. 1855 ರಲ್ಲಿ ಆ ಗುಡಿಯನ್ನು ತೆಗೆದುಹಾಕಿದ ಸಂಗತಿಯು ನನ್ನ ಪುಸ್ತಕದಲ್ಲಿಯೂ ಬರೆದಿತ್ತು. ನಾನೇ ಅದನ್ನು ದಾಟಿ ಹೋಗಿದ್ದೆನು. ಏಕೆ ದಾಟಿದೆನೆಂಬುದನ್ನು ಬಲ್ಲವಳು ನಾನೊಬ್ಬಳೇ. ಅವರ ಮಾತಿನಲ್ಲಿ ಮಾತ್ರ ಸ್ವಲ್ಪವೂ ಕಹಿ ಇರಲಿಲ್ಲ.

ಈ ನಡುವೆ ಒಂದು ವಿಚಿತ್ರವನ್ನು ಕಂಡೆನು. ಆ ವರ್ಷ ಜೂನ್ ತಿಂಗಳಲ್ಲಿ ಕೊಡಗಿನ ಒಂದು ಹಳ್ಳಿಯಿಂದ ಬಂದು ಎಂಟನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳಿದ್ದಳು. ವಿದ್ಯಾರ್ಥಿನಿಲಯದಲ್ಲಿ ಆರು ತಿಂಗಳು ಇದ್ದರೂ ಅವಳು ಕೇಳಿದ್ದಕ್ಕೆ ಹೌದು, ಅಲ್ಲ ಎಂಬುದಕ್ಕಿಂತ ಹೆಚ್ಚು ಉತ್ತರ ಕೊಟ್ಟವಳಲ್ಲ. ನಾವು ಅವಳನ್ನು ಮಂದಬುದ್ಧಿಯವಳೆಂದೇ ಎಣಿಸಿದ್ದೆವು. ನಾನು ಎರಡು ಸಲ ಗದರಿಸಿಯೂ ಇದ್ದೆನು. ಅದೇ ಹುಡುಗಿಯು ಈಗ ಆ ಹಿರಿಯರ ಪಕ್ಕದಲ್ಲಿ ನಡೆಯುತ್ತ, ಕೊಡವ ಭಾಷೆಯಲ್ಲಿ ಎಡೆಬಿಡದೆ ಮಾತನಾಡುತ್ತಿದ್ದಳು, ನಗುತ್ತಿದ್ದಳು! ಅವಳ ಊರು, ಮನೆ, ಅಜ್ಜಿ, ನಾಯಿ, ಎಲ್ಲದರ ವರ್ತಮಾನವೂ ಗದ್ದಿಗೆಯನ್ನು ತಲಪುವುದರೊಳಗೆ ಅವರಿಗೆ ತಿಳಿದುಹೋಗಿತ್ತು.

ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯವರ ಸಮಾಧಿಯನ್ನೂ, ಲಿಂಗರಾಜೇಂದ್ರನ ಸಮಾಧಿಯನ್ನೂ ನೋಡಿ, ಗುಮ್ಮಟಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನ ಸಮಾಧಿಯು ಇಲ್ಲೇಕೆ ಇಲ್ಲವೆಂದು ಒಬ್ಬಳು ಕೇಳಿದಳು. 1834 ರಲ್ಲಿ ಕಂಪೆನಿಯವರು ಅವನನ್ನು ಪದಚ್ಯುತನನ್ನಾಗಿ ಮಾಡಿ ಕಾಶಿಗೆ ಕಳುಹಿಸಿದುದನ್ನೂ, ಅವನು 1852 ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದುದನ್ನೂ, 1859 ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡುದನ್ನೂ ಹೇಳಿದೆನು. ಗೌರಮ್ಮನ ಕಥೆಯು ನಾನು ಪ್ರತಿವರ್ಷವೂ ಅಭಿಮಾನದಿಂದ ಹೇಳುತ್ತಿದ್ದ ಪಾಠ. ಹನ್ನೊಂದರ ಆಸುಪಾಸಿನ ಆ ಬಾಲಿಕೆಗೆ 1852 ರ ಜೂನ್ 30 ರಂದು ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು.

ಹಿರಿಯರು ಊಟವನ್ನು ನಿಲ್ಲಿಸಿ ಕೇಳುತ್ತಿದ್ದರು. ಅರಸನ ಮಗಳು ಕಡಲಾಚೆಗೆ ಹೋದಳೆಂಬುದಷ್ಟೇ ಅವರಿಗೆ ಗೊತ್ತಿದ್ದುದು. "ಅವಳು ಈ ಅರಮನೆಯಲ್ಲಿ ಆಡಿ ಬೆಳೆದವಳಲ್ಲವೇ ಅಮ್ಮಾ?" ಎಂದರು. ಅಲ್ಲ, ಅವಳು ಹುಟ್ಟಿದುದೇ 1841 ರಲ್ಲಿ, ಕಾಶಿಯಲ್ಲಿ. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಆಂಗ್ಲರ ಮನೆಯಲ್ಲಿ ಬೆಳೆದು, ಮದುವೆಯಾಗಿ, ಒಂದು ಹೆಣ್ಣು ಮಗುವನ್ನು ಹಡೆದು, 1864 ರಲ್ಲಿ ತೀರಿಕೊಂಡಳು ಎಂದೆನು.

"ಹಾಗಾದರೆ ಈ ಬೆಟ್ಟವನ್ನು ಒಂದು ಸಲವೂ ಕಾಣಲಿಲ್ಲ" ಎಂದು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಅಪ್ಪ ಹೋದ ಮೇಲೆ ಅವಳ ಹತ್ತಿರ ನಮ್ಮ ಮಾತನ್ನು ಆಡುವವರು ಯಾರಾದರೂ ಇದ್ದರೇ ಅಮ್ಮಾ?"

ಇಷ್ಟು ವರ್ಷ ಆ ಪಾಠವನ್ನು ಕಲಿಸಿದ್ದರೂ ಈ ಪ್ರಶ್ನೆಯು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಉತ್ತರ ಕೊಡಲಾರದೆ ತಲೆಯೆತ್ತಿದಾಗ, ಅವರ ಪಕ್ಕದಲ್ಲಿ ಕುಳಿತು ತನ್ನ ಬುತ್ತಿಯ ರೊಟ್ಟಿಯನ್ನು ಮುರಿದು ಅವರಿಗೆ ಕೊಡುತ್ತಿದ್ದ ನಮ್ಮ ಹುಡುಗಿಯು ಕಣ್ಣಿಗೆ ಬಿದ್ದಳು. ತುಳು, ಕೊಂಕಣಿ, ಮಲೆಯಾಳಗಳ ಗದ್ದಲದಿಂದ ತುಂಬಿದ ನಮ್ಮ ವಿದ್ಯಾರ್ಥಿನಿಲಯದಲ್ಲಿ ಆರು ತಿಂಗಳಿನಿಂದ ಅವಳ ಹತ್ತಿರ ಅವಳ ಮಾತನ್ನು ಆಡುವವರು ಯಾರಿದ್ದರು? ಶಾಲೆಯ ಮುಖ್ಯಸ್ಥಳಾದ ನಾನು ಅದನ್ನಾದರೂ ವಿಚಾರಿಸಿದ್ದೆನೇ?

ಸಂಜೆ ಬಸ್ಸು ಹೊರಡುವ ಮೊದಲು ಅವರಿಗೆ ಸಲ್ಲಬೇಕಾದ ಹಣವನ್ನು ಕೊಟ್ಟು, ಆನೆಗಳ ಬಳಿ ಆಡಿದ ಮಾತಿಗಾಗಿ ಮಕ್ಕಳ ಮುಂದೆಯೇ ಕ್ಷಮೆ ಬೇಡಿದೆನು. ಅವರು ಹಣವನ್ನು ಎಣಿಸಿ ಜೇಬಿಗಿಟ್ಟುಕೊಂಡು, "ಟೀಚರಮ್ಮನವರು ತಿದ್ದದಿದ್ದರೆ ಇನ್ನಾರು ತಿದ್ದುತ್ತಾರೆ?" ಎಂದು ನಕ್ಕರು. ಮೊಮ್ಮಗಳೊಬ್ಬಳು ಮುಂಬಯಿಯಲ್ಲಿರುವಳೆಂದೂ, ಫೋನಿನಲ್ಲಿ ತಾವು ಆಡುವ ಮಾತು ಅವಳಿಗೆ ತಿಳಿಯುವುದಿಲ್ಲವೆಂದೂ ಆಗ ಹೇಳಿದರು. ಅವರ ಪ್ರಶ್ನೆಯು ಎಲ್ಲಿಂದ ಬಂದಿತೆಂಬುದು ನನಗೆ ಅರ್ಥವಾಯಿತು.

ಅಂದಿನಿಂದ ಪ್ರತಿ ಆದಿತ್ಯವಾರ ಸಾಯಂಕಾಲ ಆ ಹುಡುಗಿಯು ನನ್ನ ಕೋಣೆಯಿಂದ ತನ್ನ ಅಜ್ಜಿಗೂ, ಕೆಲವು ಸಲ ಈ ಹಿರಿಯರಿಗೂ ಫೋನು ಮಾಡುವ ರೂಢಿಯಾಯಿತು. ಅವಳು ಮಾತನಾಡಿದ ಮೇಲೆ ನಾನೂ ಎರಡು ಮಾತನಾಡುವೆನು. ನನ್ನ ಕೊಡವ ಭಾಷೆಯನ್ನು ಕೇಳಿ ಅವರಿಬ್ಬರೂ ನಗುವುದುಂಟು. ಅವಳು ಮಂದಬುದ್ಧಿಯವಳಾಗಿರಲಿಲ್ಲವೆಂದು ಹೇಳಬೇಕಾದ ಅಗತ್ಯವಿಲ್ಲ. ಈಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹೊಸದಾಗಿ ಸೇರುವ ಪ್ರತಿಯೊಬ್ಬಳಿಗೂ, "ಮನೆಯಲ್ಲಿ ಯಾವ ಮಾತನ್ನು ಆಡುತ್ತೀರಿ?" ಎಂದು ನಾವು ಮೊದಲ ದಿನವೇ ಕೇಳುವುದು ಅವಳಿಂದ ಆರಂಭವಾದ ವಾಡಿಕೆ. ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸುವ ತಾಯಿತಂದೆಗಳು ಇದನ್ನು ತಿಳಿದಿರಲೆಂದು ಬರೆದಿದ್ದೇನೆ.

ಕಳೆದ ಡಿಸೆಂಬರಿನಲ್ಲಿಯೂ ಮಡಿಕೇರಿಗೆ ಹೋಗಿದ್ದೆವು. ಹಿರಿಯರು ಕೋಲೂರಿಕೊಂಡು ಕೋಟೆಯ ಬಾಗಿಲಲ್ಲಿ ಕಾದಿದ್ದರು. ಆನೆಗಳ ಕಥೆಯನ್ನು ಮೊದಲಿನಷ್ಟೇ ರಸವತ್ತಾಗಿ ಹೇಳಿ, ಕೊನೆಯಲ್ಲಿ ನನ್ನ ಕಡೆಗೆ ತಿರುಗಿ, "ಇದಕ್ಕೆ ಲಿಖಿತ ಆಧಾರವಿಲ್ಲ ಮಕ್ಕಳೇ" ಎಂದು ಸೇರಿಸಿದರು. ನಾನು ಇಗರ್ಜಿಯ ಬಳಿ ಗುಡಿಯ ವಿಷಯವನ್ನು ಹೇಳಿದೆನು. ಗದ್ದಿಗೆಯಲ್ಲಿ ಗೌರಮ್ಮನ ಪಾಠವನ್ನು ಮುಗಿಸಿ, ಅವರ ಪ್ರಶ್ನೆಯನ್ನು ಹುಡುಗಿಯರ ಮುಂದೆ ಇಟ್ಟೆನು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.