ದಿಡ್ಡಿ ಬಾಗಿಲುಗಳ ಊರಲ್ಲಿ ಮೋರ್ಸ್

ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ಆ ದುಂಡು ಕಟ್ಟಡವನ್ನು ಟಿವಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೂ ಆಕ್ಸ್‌ಫರ್ಡಿನ ಹೈ ಸ್ಟ್ರೀಟ್‌ನಿಂದ ಸೇಂಟ್ ಮೇರಿ ಚರ್ಚಿನ ಪಕ್ಕದ ಓಣಿ ಹಿಡಿದು ಚೌಕಕ್ಕೆ ಕಾಲಿಟ್ಟ ಕೂಡಲೇ ಅದು ಎದುರಿಗೇ ಬಂದು ನಿಂತಾಗ ನನಗೆ ಮಾತೇ ಹೊರಡಲಿಲ್ಲ. 1749ರಲ್ಲಿ ಮುಗಿದ ಗ್ರಂಥಾಲಯ ಅದು; ಇವತ್ತಿಗೂ ಹುಡುಗ ಹುಡುಗಿಯರು ಒಳಗೆ ಕೂತು ಓದುತ್ತಾರೆ. ಜೂನ್ ತಿಂಗಳ ಬಿಸಿಲಿಗೆ ಗೋಡೆಯ ಕಲ್ಲೆಲ್ಲ ಜೇನಿನ ಬಣ್ಣಕ್ಕೆ ತಿರುಗಿತ್ತು. ಕಾಲ ಕೆಳಗೆ ಉರುಟು ಕಲ್ಲಿನ ಹಾಸು. ಕಡುಗೆಂಪು ಜಾಗ್ವಾರ್ ಕಾರಿನಿಂದ ಇಳಿದು, ನೆರೆಗೂದಲಿನ, ಗಂಟು ಮುಖದ ಟಿವಿ ಪತ್ತೇದಾರ ಇನ್‌ಸ್ಪೆಕ್ಟರ್ ಮೋರ್ಸ್ ಬಿರುಸಾಗಿ ನಡೆದುಹೋಗುತ್ತಿದ್ದುದು ಇಂಥ ಕಲ್ಲುಗಳ ಮೇಲೆಯೇ.

ಜೊತೆಯಲ್ಲಿ ಅತ್ತಿಗೆ ಇದ್ದರು. ಅವರು ರೆಡಿಂಗ್‌ನಲ್ಲಿ ನೆಲೆಸಿ ವರ್ಷಗಳಾಗಿವೆ, ಅಲ್ಲಿಂದ ಆಕ್ಸ್‌ಫರ್ಡಿಗೆ ರೈಲಿನಲ್ಲಿ ಅರ್ಧ ಗಂಟೆ ದಾರಿ. ಆದರೆ ಮೋರ್ಸ್‌ನ ಒಂದು ಕಂತನ್ನೂ ಅವರು ನೋಡಿರಲಿಲ್ಲ. ಸುತ್ತಲೂ ಕಣ್ಣಾಡಿಸಿ, “ಇಷ್ಟು ಚೆನ್ನಾಗಿರೋ ಊರಲ್ಲಿ ಅಷ್ಟೊಂದು ಕೊಲೆಗಳಾ? ಅದನ್ನ ನೋಡೋಕೆ ಅಂತ ನೀನು ರಾತ್ರಿಯೆಲ್ಲ ಕೂತಿರ್ತೀಯಾ?” ಅಂದರು. ಕೇಳಬೇಕಾದ ಪ್ರಶ್ನೆಯೇ. 1987ರಿಂದ 2000ದವರೆಗೆ ಬ್ರಿಟನ್ನಿನ ಐಟಿವಿಯಲ್ಲಿ ಬಂದದ್ದು ಬರೀ ಮೂವತ್ತಮೂರು ಕಂತು. ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಕೊಲೆಗಾರ ಯಾರೆಂದು ಗೊತ್ತಿದ್ದೂ ಅವನ್ನು ಮತ್ತೆ ಮತ್ತೆ ನೋಡುವವರು ಜಗತ್ತಿನಾದ್ಯಂತ ಇದ್ದಾರೆ. ಹಾಗಾದರೆ ಸೆಳೆತ ಇರುವುದು ಎಲ್ಲಿ?

ನನಗೆ ಉತ್ತರ ಹೊಳೆದದ್ದು ಒಂದು ಬಾಗಿಲ ಮುಂದೆ.

ಆಕ್ಸ್‌ಫರ್ಡಿನ ಕಾಲೇಜುಗಳೆಲ್ಲ ಬೀದಿಗೆ ಬೆನ್ನು ಹಾಕಿ ಕೂತಿವೆ. ಹೊರಗಿನವನಿಗೆ ಕಾಣುವುದು ಎತ್ತರದ ಗೋಡೆ, ಮರದ ಭಾರಿ ಹೆಬ್ಬಾಗಿಲು. ಹೆಬ್ಬಾಗಿಲಲ್ಲಿ ಒಬ್ಬರೇ ತಲೆ ಬಗ್ಗಿಸಿ ನುಗ್ಗುವಷ್ಟು ದಿಡ್ಡಿ ಬಾಗಿಲು. ಅದು ಅರೆ ತೆರೆದಿದ್ದರೆ ಒಳಗೊಂದು ಹಸಿರು ಚೌಕ ಮಿಂಚುತ್ತದೆ. ಪಕ್ಕದ ಕೋಣೆಯಲ್ಲಿ ಪೋರ್ಟರ್ ಕೂತಿರುತ್ತಾನೆ. ಇಲ್ಲಿ ಪೋರ್ಟರ್ ಎಂದರೆ ಸಾಮಾನು ಹೊರುವವನಲ್ಲ, ಬಾಗಿಲು ಕಾಯುವವನು. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಅವನ ಕಣ್ಣಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಮೋರ್ಸ್ ನಮ್ಮನ್ನು ಕರೆದುಕೊಂಡು ಹೋಗುವುದು ಆ ದಿಡ್ಡಿ ಬಾಗಿಲಿನ ಒಳಕ್ಕೆ. ಕೊಲೆ ಆಗದಿದ್ದರೆ ಅದು ನಮಗೆ ತೆರೆಯುತ್ತಲೇ ಇರಲಿಲ್ಲ.

ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಇರುವ ಚೌಕದ ಪಡುವಣ ದಿಕ್ಕಿಗಿರುವ ಬ್ರೇಸ್‌ನೋಸ್ ಕಾಲೇಜು 1509ರದ್ದು. ಮೋರ್ಸ್ ಕಥೆಗಳಲ್ಲಿ ಬರುವ ಲಾನ್ಸ್‌ಡೇಲ್ ಕಾಲೇಜು ಭೂಪಟದಲ್ಲಿ ಎಲ್ಲೂ ಇಲ್ಲ. ತೆರೆಯ ಮೇಲೆ ಅದಕ್ಕೆ ಹಲವು ಸಲ ಮೈ ಕೊಟ್ಟದ್ದು ಇದೇ ಬ್ರೇಸ್‌ನೋಸ್. ಈ ಕಾಲೇಜಿಗೂ ಒಂದು ಬಾಗಿಲಿನ ಕಥೆಯಿದೆ. ಕಾಲೇಜು ಆಗುವುದಕ್ಕೂ ಮೊದಲು, ಹದಿನಾಲ್ಕನೆಯ ಶತಮಾನದಲ್ಲಿ, ಇಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳ ಒಂದು ಗುಂಪು ಮುನಿಸಿಕೊಂಡು ಲಿಂಕನ್‌ಷೈರಿನ ಸ್ಟ್ಯಾಮ್‌ಫರ್ಡಿಗೆ ಹೊರಟುಹೋಯಿತಂತೆ. ಹೋಗುವಾಗ ಬಾಗಿಲು ಬಡಿಯುವ ಲೋಹದ ಹಿಡಿಯನ್ನೂ ಕಿತ್ತುಕೊಂಡು ಹೋದರೆನ್ನುತ್ತಾರೆ. ಮೃಗದ ಮೂತಿ, ಮೂಗಿನಲ್ಲಿ ಬಳೆ. ಅದನ್ನು ಮರಳಿ ಪಡೆಯಲು ಕಾಲೇಜು 1890ರಲ್ಲಿ ಸ್ಟ್ಯಾಮ್‌ಫರ್ಡಿನಲ್ಲಿ ಅದು ಇದ್ದ ಮನೆಯನ್ನೇ ಕೊಂಡುಕೊಂಡಿತು! ಈಗ ಅದು ಊಟದ ಹಾಲಿನಲ್ಲಿ ಗುರುಗಳು ಕೂರುವ ಮೇಜಿನ ಮೇಲ್ಗಡೆ ತೂಗುತ್ತಿದೆ. ಮುಂದೆ 1930ರಲ್ಲಿ ಅದೇ ಸ್ಟ್ಯಾಮ್‌ಫರ್ಡಿನಲ್ಲಿ ಹುಟ್ಟಿದವರು ಮೋರ್ಸ್‌ನ ಕರ್ತೃ ಕಾಲಿನ್ ಡೆಕ್ಸ್‌ಟರ್. ಬಾಗಿಲ ಹಿಡಿ ಹೋದ ಊರಿನಿಂದಲೇ ಬಾಗಿಲು ತೆರೆಯುವವನು ಬಂದ ಎಂದು ಅತ್ತಿಗೆಗೆ ಹೇಳುವಾಗ ನನ್ನ ಮೈ ನವಿರೆದ್ದಿತು.

ಡೆಕ್ಸ್‌ಟರ್ ಓದಿದ್ದು ಕೇಂಬ್ರಿಜ್‌ನಲ್ಲಿ. ಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಕಲಿಸುತ್ತಿದ್ದವರು ಕಿವಿ ಮಂದವಾಗುತ್ತ ಬಂದದ್ದರಿಂದ ಪಾಠ ಬಿಟ್ಟು, 1966ರಲ್ಲಿ ಆಕ್ಸ್‌ಫರ್ಡಿನ ಪರೀಕ್ಷಾ ಮಂಡಳಿಯ ಕೆಲಸಕ್ಕೆ ಸೇರಿದರು. ವೇಲ್ಸ್‌ನಲ್ಲಿ ರಜೆ ಕಳೆಯುವಾಗ ಮಳೆ ಬಿಡದೆ ಹಿಡಿದುಕೊಂಡಿತು. ಬೇಸರಕ್ಕೆ ಬರೆಯತೊಡಗಿದ ಪುಟಗಳಿಂದ ಶುರುವಾಗಿ, 1975ರಲ್ಲಿ ಮೊದಲ ಮೋರ್ಸ್ ಕಾದಂಬರಿ ಹೊರಬಂತು. ಪದಬಂಧ ಬಿಡಿಸುವುದರಲ್ಲಿ ಎತ್ತಿದ ಕೈ. ಪತ್ತೇದಾರನಿಗೂ ಅವನ ಸಹಾಯಕ ಲೂಯಿಸ್‌ಗೂ ಅವರು ಹೆಸರು ಇಟ್ಟದ್ದು ಪದಬಂಧದ ಲೋಕದ ಇಬ್ಬರ ನೆನಪಿಗೆ. ಧಾರಾವಾಹಿಯ ಬಹುತೇಕ ಕಂತುಗಳಲ್ಲಿ ಡೆಕ್ಸ್‌ಟರ್ ಅವರೇ ಎಲ್ಲೋ ಒಂದು ಮೂಲೆಯಲ್ಲಿ, ಪಬ್ಬಿನ ಬೆಂಚಿನಲ್ಲೋ ಬೀದಿಯಲ್ಲೋ, ಸುಮ್ಮನೆ ಹಾದುಹೋಗುತ್ತಾರೆ. ಅವರನ್ನು ಹುಡುಕುವುದೇ ನೋಡುವವರಿಗೆ ಇನ್ನೊಂದು ಪತ್ತೇದಾರಿ.

ಟರ್ಲ್ ಸ್ಟ್ರೀಟ್‌ನ ಎಕ್ಸೆಟರ್ ಕಾಲೇಜಿನಲ್ಲಿ ಒಳಗೆ ಹೋಗಲು ಬಿಟ್ಟರು. ದಿಡ್ಡಿ ಬಾಗಿಲಿನ ಹೊಸ್ತಿಲು ದಾಟಿದ ಮೇಲೆ ಬೀದಿಯ ಸದ್ದು ನಿಂತೇಹೋಯಿತು. ಮುಂದಿನ ಅಂಗಳದಲ್ಲಿ ಕತ್ತರಿಸಿಟ್ಟಂತೆ ನುಣುಪಾದ ಹುಲ್ಲು. ಅದರ ಮೇಲೆ ಕಾಲಿಡುವಂತಿಲ್ಲ. ಮೆಟ್ಟಿಲುಗಳ ಬುಡದಲ್ಲಿ, ಆ ಮೆಟ್ಟಿಲೇರಿದರೆ ಯಾವ ಕೋಣೆಯಲ್ಲಿ ಯಾರಿದ್ದಾರೆಂಬ ಹೆಸರಿನ ಪಟ್ಟಿ. ಪತ್ತೇದಾರಿ ಕಥೆಗೆ ಇದಕ್ಕಿಂತ ಬೇಕಾದದ್ದೇನು! ನಾನು ಬಂದದ್ದು ಮಾತ್ರ ಆ ಹುಲ್ಲನ್ನು ನೋಡಲು. 2000ದ ನವೆಂಬರ್‌ನಲ್ಲಿ ಬಂದ ಕೊನೆಯ ಕಂತಿನಲ್ಲಿ, ಫೋರೆಯ ರಿಕ್ವಿಯಂ ಎಂಬ ಶೋಕಸಂಗೀತ ಕೇಳುತ್ತಿರುವಾಗ, ಮೋರ್ಸ್ ಎದೆ ಹಿಡಿದು ಕುಸಿದದ್ದು ಇಲ್ಲಿ. ಬದುಕಿನುದ್ದಕ್ಕೂ ಈ ಅಂಗಳಗಳ ಅಂಚಿನಲ್ಲೇ ನಡೆದವನು ಬಿದ್ದದ್ದು ಅಂಗಳದ ಒಳಗೆ. ಹುಲ್ಲಿನ ಅಂಚಿನಲ್ಲಿ ನಿಂತಾಗ ಗಂಟಲು ಕಟ್ಟಿಬಂತು. ಅತ್ತಿಗೆ ಏನೂ ಕೇಳಲಿಲ್ಲ, ಕೈ ಹಿಡಿದುಕೊಂಡು ನಿಂತರು.

ಟ್ಯಾಕ್ಸಿ ಓಡಿಸುವವನ ಮಗ ಮೋರ್ಸ್. ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಬಂದು, ಪ್ರೀತಿಯಲ್ಲಿ ಮುರಿದು, ಪದವಿ ಇಲ್ಲದೆ ಹೊರಬಿದ್ದ. ಆಮೇಲೆ ಅದೇ ಊರಿಗೆ ಪೊಲೀಸನಾಗಿ ಬಂದ. ಪ್ರೊಫೆಸರರು ಲ್ಯಾಟಿನ್ನಿನಲ್ಲಿ ಚುಚ್ಚಿದರೆ ಅವನಿಗೆ ಅರ್ಥವಾಗುತ್ತದೆ. ಆದರೆ ಅವರ ಮೇಜಿನಲ್ಲಿ ಅವನಿಗೆ ಜಾಗವಿಲ್ಲ. ಠಾಣೆಯಲ್ಲಿ ವ್ಯಾಗ್ನರ್‌ನ ಸಂಗೀತ ಕೇಳುವವನೆಂದು ಅಲ್ಲಿಯೂ ಒಂಟಿ. ರಕ್ತ ಕಂಡರೆ ಆಗದು, ಎತ್ತರಕ್ಕೆ ಹತ್ತಲಾರ. ಅಪರಾಧಿ ಅಂತ ತಪ್ಪು ಮನುಷ್ಯನನ್ನು ಹಿಡಿಯುತ್ತಾನೆ, ಆಮೇಲೆ ಲೂಯಿಸ್‌ನ ಒಂದು ಸಾದಾ ಮಾತಿನಿಂದ ಅವನ ಕಣ್ಣು ತೆರೆಯುತ್ತದೆ. ಮೋರ್ಸ್‌ನ ಪಾತ್ರ ಮಾಡಿದ ಜಾನ್ ಥಾ ಇದನ್ನೆಲ್ಲ ಎಷ್ಟು ಕಡಿಮೆ ಮಾತಿನಲ್ಲಿ ಮಾಡಿದರು! ಸುಮ್ಮನೆ ಕೂತು ಸಂಗೀತ ಕೇಳುವ ಆ ಮುಖವನ್ನು ಕ್ಯಾಮೆರಾ ಬಿಟ್ಟು ಹೋಗುವುದಿಲ್ಲ. ಈ ಕಾಲದ ಯಾವ ಧಾರಾವಾಹಿಗೆ ಅಷ್ಟು ತಾಳ್ಮೆ ಇದೆ? ಹಿನ್ನೆಲೆ ಸಂಗೀತ ಮಾಡಿದ ಬ್ಯಾರಿಂಗ್ಟನ್ ಫಿಲಾಂಗ್ ಶೀರ್ಷಿಕೆ ಗೀತದಲ್ಲೇ ತಂತಿ ಸಂಕೇತದ ಚುಕ್ಕೆ ಗೆರೆಗಳಲ್ಲಿ ನಾಯಕನ ಹೆಸರನ್ನು ಹೆಣೆದಿಟ್ಟರು. ಕೆಲವು ಕಂತುಗಳಲ್ಲಿ ಕೊಲೆಗಾರನ ಹೆಸರೂ ಹಾಗೆಯೇ ಸಂಗೀತದೊಳಗೆ ಅಡಗಿದೆ.

ಮ್ಯಾಗ್ಡಲೆನ್ ಕಾಲೇಜಿನ ಗೋಪುರದ ಬಳಿ ಬಂದಾಗ ನೆನಪಾದವರೇ ಬೇರೆ. ರೋಡ್ಸ್ ವಿದ್ಯಾರ್ಥಿಯಾಗಿ ಗಿರೀಶ ಕಾರ್ನಾಡರು 1960ರಿಂದ 63ರವರೆಗೆ ಓದಿದ್ದು ಇಲ್ಲಿ. ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟದ ಅಧ್ಯಕ್ಷರೂ ಆದರು. ಮೋರ್ಸ್‌ನ ಎಳೆಯ ದಿನಗಳನ್ನು ಹೇಳುವ ‘ಎಂಡೆವರ್’ ಧಾರಾವಾಹಿ ಶುರುವಾಗುವುದು 1965ರ ಆಕ್ಸ್‌ಫರ್ಡಿನಲ್ಲಿ. ಅಂದರೆ ಆ ತೆರೆಯ ಮೇಲಿನ ಸೈಕಲ್ಲು, ಕಪ್ಪು ಗೌನು, ಮಂಜಿನ ಬೆಳಗುಗಳು ಹೆಚ್ಚುಕಡಿಮೆ ನಮ್ಮ ಕಾರ್ನಾಡರು ಕಂಡವೇ! 2012ರ ಅದರ ಮೊದಲ ಕಂತಿನ ಕೊನೆಗೆ, ಇಪ್ಪತ್ತು ವರ್ಷದ ಮೇಲೆ ಏನಾಗಿರುತ್ತೀಯ ಎಂದು ಮೇಲಧಿಕಾರಿ ಕೇಳುತ್ತಾನೆ. ಹುಡುಗ ಮೋರ್ಸ್ ಕಾರಿನ ಕನ್ನಡಿ ನೋಡುತ್ತಾನೆ. ಅಲ್ಲಿ ಕಾಣುವುದು 2002ರಲ್ಲಿ ತೀರಿಕೊಂಡಿದ್ದ ಜಾನ್ ಥಾನ ಕಣ್ಣುಗಳು. ಅದೇ ಕಂತಿನಲ್ಲಿ, ನಾವು ಮೊದಲೇ ಭೇಟಿಯಾಗಿದ್ದೆವೇ ಎಂದು ಹುಡುಗನನ್ನು ಕೇಳುವ ಪತ್ರಿಕೆಯ ಸಂಪಾದಕಿಯ ಪಾತ್ರ ಮಾಡಿದವರು ಥಾನ ಮಗಳು ಅಬಿಗೈಲ್.

ರಾತ್ರಿ ಒಂಬತ್ತಕ್ಕೆ ಕ್ರೈಸ್ಟ್ ಚರ್ಚ್ ಕಾಲೇಜಿನ ಟಾಮ್ ಗೋಪುರದ ಎದುರಿಗೆ ನಿಂತಿದ್ದೆವು. ಇನ್ನೂ ಬೆಳಕಿತ್ತು. ಗ್ರೇಟ್ ಟಾಮ್ ಎಂಬ ಅಲ್ಲಿನ ಗಂಟೆ ದಿನವೂ 9:05ಕ್ಕೆ 101 ಸಲ ಬಡಿಯುತ್ತದೆ. ಆಕ್ಸ್‌ಫರ್ಡಿನ ಹಳೆಯ ಹೊತ್ತು ಗ್ರೀನಿಚ್‌ಗಿಂತ ಐದು ನಿಮಿಷ ಹಿಂದೆ, ಅದಕ್ಕೇ ಆ ಐದು ನಿಮಿಷ. ಒಂದು ಕಾಲಕ್ಕೆ ಕಾಲೇಜುಗಳ ಬಾಗಿಲು ಮುಚ್ಚಲು ಇದೇ ಸೂಚನೆಯಾಗಿತ್ತು ಎಂದು ಹೇಳಿದೆ. ಅತ್ತಿಗೆ ಗಂಟೆಯ ಸದ್ದಿನ ನಡುವೆಯೇ ಕೇಳಿದರು: “ಹಾಗಾದ್ರೆ ಆಮೇಲೆ ನಿನ್ನ ಮೋರ್ಸ್ ಒಳಗೆ ಹೋಗೋದು ಹೇಗೆ?”

“ಅವನು ಪೊಲೀಸಲ್ವಾ ಅತ್ತಿಗೆ, ತೆಗೀಲೇಬೇಕು.”

“ಸರಿ, ಮನೆಗೆ ಹೋದ್ಮೇಲೆ ಮೊದಲನೇ ಕಂತು ಹಾಕು,” ಅಂದರು.