ಅಟ್ಟದಲ್ಲಿದ್ದ ಟ್ಯಾಂಕು

ಈ ವರ್ಷ ಬೇಸಿಗೇಲಿ ನೀರಿಗೆ ನಾವೆಲ್ಲ ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಆವಾಗಲೇ ಒಂದು ದಿನ ರಾಮಮಂದಿರದ ಹತ್ತಿರ ಸಿಕ್ಕಿದ ಎದುರುಮನೆಯವರಿಗೆ ಬಾಯಿತಪ್ಪಿ "ನಮ್ಮ ಟ್ಯಾಂಕು ಮುಕ್ಕಾಲು ಆಯ್ತು ಕಣ್ರೀ" ಅಂದುಬಿಟ್ಟೆ. ಅವರು ಕಣ್ಣರಳಿಸಿ, "ಪುಣ್ಯವಂತರು ಬಿಡಿ, ನಮ್ಮದು ತಳ ಕಂಡು ಎರಡು ದಿನ ಆಯ್ತು. ನಿಮ್ಮದು ಎಷ್ಟು ಲೀಟರ್‌ದು?" ಅಂದರು.

ನೀರಿನ ಟ್ಯಾಂಕಲ್ಲ ಮಹರಾಯ್ತಿ, ಯುದ್ಧದ ಟ್ಯಾಂಕು! ಒಂದು ಗೇಣು ಉದ್ದಾನೂ ಇಲ್ಲ, ಪ್ಲಾಸ್ಟಿಕ್‌ದು, ನಾನೇ ಕೂತು ಅಂಟಿಸಿದ್ದು. ಈ ಕತೇನ ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳಿ ಸಾಕಾಗಿದೆ. ಇನ್ನೇನು ಗೊಂಬೆ ಕೂರಿಸೋ ಕಾಲ ಬಂತು, ನೋಡೋಕೆ ಬಂದವರು ಕೇಳದೇ ಇರಲ್ಲ. ಅದಕ್ಕೆ ಬರೆದೇ ಬಿಡ್ತೀನಿ.

ಹೋದ ವರ್ಷ ದಸರಾ ಮುಗಿದ ಮೇಲೆ ಪಟ್ಟದ ಗೊಂಬೆ ಮಲಗಿಸಿ, ಮಿಕ್ಕಿದ್ದನ್ನೆಲ್ಲ ಹಳೇ ಪಂಚೆ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸ್ತಾ ಇದ್ದೆವು. ಇವರಿಗೆ ಮಂಡಿನೋವು, ಏಣಿ ಹಿಡಿದುಕೊಂಡರು. ಹತ್ತಿದ್ದು ನಾನು. ಟ್ರಂಕು ಒಳಕ್ಕೆ ತಳ್ಳಿದರೆ ಹೋಗ್ತಾನೇ ಇಲ್ಲ. ಹಿಂದೆ ಏನೋ ತಡೀತಿದೆ. ಕೈ ಹಾಕಿ ಎಳೆದೆ. ನ್ಯೂಸ್‌ಪೇಪರ್ ಸುತ್ತಿ, ಹೂ ಕಟ್ಟೋ ದಾರದಲ್ಲಿ ಬಿಗಿದ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ. ನಾನೇ ಹಾಕಿದ ಗಂಟು. ನನ್ನ ಗಂಟು ನನಗೆ ಗೊತ್ತಾಗದೇ ಇರುತ್ತಾ? ಏಣಿ ಮೇಲೇ ಒಂದು ಗಳಿಗೆ ಹಾಗೇ ನಿಂತೆ. ಕೆಳಗಿಂದ ಇವರು "ಹಲ್ಲಿ ಏನೇ?" ಅಂತ ಕೇಳ್ತಾ ಇದ್ದರು.

2004ರ ದೀಪಾವಳಿಗೆ ನನ್ನ ತಮ್ಮ ಸಿಂಗಪುರದಿಂದ ಬಂದಾಗ ಮಗನಿಗೆ ತಂದುಕೊಟ್ಟ ಪೆಟ್ಟಿಗೆ ಅದು. ಪುಟ್ಟು ಆಗ ಸೆಕೆಂಡ್ ಪಿಯುಸಿ. ಸೆಕೆಂಡ್ ಪಿಯುಸಿ ಅಂದರೆ ನಮ್ಮ ಬೀದೀಲಿ ಹೇಗಿರುತ್ತೆ ನಿಮಗೆ ಹೇಳಬೇಕಾ? ಬೆಳಗ್ಗೆ ಟ್ಯೂಷನ್ನು, ಸಾಯಂಕಾಲ ಟ್ಯೂಷನ್ನು, ಮದುವೆ ಮುಂಜಿಗೆ ಹೋಗೋ ಹಾಗಿಲ್ಲ, ಟೀವಿಗೆ ಬಟ್ಟೆ ಮುಚ್ಚಿಟ್ಟಿದ್ದೆ. ಅವನು ರಾತ್ರಿ ಹನ್ನೊಂದರವರೆಗೂ ಟೇಬಲ್ ಲ್ಯಾಂಪ್ ಹಾಕಿಕೊಂಡು ಕೂರೋನು. ಎಷ್ಟು ಓದ್ತಾನೆ ನನ್ನ ಕಂದ ಅಂತ ಒಂದು ರಾತ್ರಿ ಹಾಲು ತಗೊಂಡು ಹೋದೆ. ಫಿಸಿಕ್ಸ್ ಪುಸ್ತಕದ ಹಿಂದೆ ಪುಟ್ಟ ಪುಟ್ಟ ಚಕ್ರ ಸಾಲಾಗಿ ಒಣಗೋಕೆ ಇಟ್ಟಿದ್ದಾನೆ.

ನಾನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೇನೋ, ಅವನೂ ಎದುರು ಮಾತಾಡೋನು, ಜಗಳ ಅಲ್ಲಿಗೇ ಮುಗಿಯೋದು. ಎಲ್ಲಾನೂ ಪೆಟ್ಟಿಗೆಗೆ ತುಂಬಿ, "ಸಿಇಟಿ ಮುಗಿದ ದಿನ ನಾನೇ ಕೊಡ್ತೀನಿ" ಅಂದೆ. "ಸರಿ ಅಮ್ಮ" ಅಂದ. ಸಿಇಟಿ ಮುಗೀತು, ರಿಸಲ್ಟು, ಕೌನ್ಸೆಲಿಂಗು, ಹಾಸ್ಟೆಲ್ಲು. ಆಮೇಲೆ ಕೆಲಸ, ಆಸ್ಟಿನ್, ಮದುವೆ, ಮಗಳು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ದಾರ ಬಿಚ್ಚಿ ನೋಡಿದರೆ ಒಳಗೆ ಹಸಿರು ಪ್ಲಾಸ್ಟಿಕ್ ಚೌಕಟ್ಟುಗಳು. ಬೇಲಿಗೆ ಬಳ್ಳಿ ಕಾಯಿ ಬಿಟ್ಟ ಹಾಗೆ ಒಂದೊಂದಕ್ಕೂ ಹತ್ತಾರು ಭಾಗ ಅಂಟಿಕೊಂಡಿವೆ, ಪ್ರತಿಯೊಂದಕ್ಕೂ ನಂಬರು. ಅಂಟಿನ ಟ್ಯೂಬು ಕಲ್ಲಾಗಿತ್ತು. ಒಂದು ಬೆಂಕಿಪೊಟ್ಟಣದಲ್ಲಿ ಅವನು ಆಗಲೇ ಕತ್ತರಿಸಿಟ್ಟ ಸಣ್ಣ ಸಣ್ಣ ಚೂರು. ಟ್ಯಾಂಕಿನ ತಳಭಾಗ ಎತ್ತಿ ನೋಡಿದೆ. ಎಡಗಡೆ ಚಕ್ರ ಎಲ್ಲಾ ಕೂಡಿಸಿದ್ದಾನೆ. ನೆಲಕ್ಕೆ ಊರೋವು ನಾಲ್ಕು, ಹಿಂದೆ ದೊಡ್ಡದೊಂದು, ಮುಂದೆ ಹಲ್ಲಿರೋದು ಒಂದು, ಮೇಲೆ ಪಟ್ಟಿ ಹೊರೋ ಮರಿಚಕ್ರ ಮೂರು. ಒಂದು ತೊಟ್ಟು ಅಂಟು ಹೊರಗೆ ಬಂದಿಲ್ಲ. ಬಲಗಡೆ ಬೋಳು.

ಇವರು "ಯಾರಾದರೂ ಹುಡುಗರಿಗೆ ಕೊಟ್ಟುಬಿಡು" ಅಂದರು. "ಬೇಡ, ನಾನೇ ಮಾಡ್ತೀನಿ" ಅಂದೆ. ನಕ್ಕರು. ನಗಲಿ. ಅಕ್ಕಿಕಾಳಿನಲ್ಲಿ ಕಲ್ಲು ಆರಿಸಿ, ಮಲ್ಲಿಗೆ ಮೊಗ್ಗು ಕಟ್ಟಿ ಪಳಗಿದ ಕೈ ಇದು. ಪ್ಲಾಸ್ಟಿಕ್ ಚಕ್ರಕ್ಕೆ ಹೆದರುತ್ತಾ?

ಹೆದರಬೇಕಿತ್ತು ಕಣ್ರೀ. ಮೊದಲು ಫೆವಿಕಾಲ್ ಹಾಕಿದೆ, ಬೆಳಗಾಗೋ ಹೊತ್ತಿಗೆ ಚಕ್ರ ಉದುರಿತ್ತು. ಆಮೇಲೆ ಕ್ಷಣದಲ್ಲಿ ಅಂಟೋ ಅಂಟು ತಂದೆ. ಅಂಟಿತೇನೋ ಸರಿ, ಸುತ್ತಲೂ ಬಿಳೀ ಬೂದಿ ಹಿಡಿದ ಹಾಗಾಯ್ತು, ನನ್ನ ಬೆರಳೂ ಅದಕ್ಕೇ ಅಂಟಿಕೊಂಡಿತು. ಪಕ್ಕದ ಮನೆ ಹುಡುಗಿ ನೋಡಿ ನಕ್ಕು, ಇಂಥ ಆಟಿಕೆಗೇ ಅಂತ ಮಾಡಿರೋ ಅಂಟನ್ನ ಫೋನಿನಲ್ಲಿ ತರಿಸಿಕೊಟ್ಟಳು. ನೀರಿನ ಹಾಗಿರುತ್ತೆ, ಮುಚ್ಚಳದಲ್ಲೇ ಪುಟ್ಟ ಬ್ರಶ್ಶು. ಅದು ನಮ್ಮ ಗೋಂದಿನ ಥರ ಮಧ್ಯೆ ಕೂತು ಹಿಡಿದುಕೊಳ್ಳಲ್ಲ. ಎರಡೂ ಅಂಚನ್ನ ಒಂಚೂರು ಕರಗಿಸಿ ಒಂದೇ ಮಾಡಿ, ತಾನು ಆವಿಯಾಗಿ ಹೋಗುತ್ತೆ. ಕಿಟಕಿ ತೆಗೆದಿಟ್ಟುಕೊಂಡೇ ಮಾಡಬೇಕು, ವಾಸನೆಗೆ ತಲೆ ಸುತ್ತುತ್ತೆ.

ಕತ್ತರಿಸೋಕೆ ಉಗುರು ಕತ್ತರಿ, ಉಜ್ಜೋಕೆ ಸೊಸೆ ಬಿಟ್ಟುಹೋದ ಉಗುರಿನ ಅರ, ಹಿಡಿಯೋಕೆ ಚಿಮುಟ, ಕಣ್ಣಿಗೆ ಇವರ ಭೂತಗನ್ನಡಿ. ಊಟ ಆದ ಮೇಲೆ ದಿನಕ್ಕೆ ಒಂದೇ ಗಂಟೆ. ಒಂದು ಚೂರು ಕೆಳಗೆ ಬಿದ್ದರೆ ಆವತ್ತಿನ ಗಂಟೆ ಅದನ್ನ ಹುಡುಕೋದರಲ್ಲೇ ಮುಗೀತು ಅಂತ ಲೆಕ್ಕ. ಪೊರಕೆಗೆ ಸೆರಗು ಸುತ್ತಿ ಗುಡಿಸೋದು ಕಲಿತೆ.

ಪೆಟ್ಟಿಗೆ ಮೇಲೆ 1/35 ಅಂತ ಬರೆದಿದೆ. ಇದರಲ್ಲಿ ಒಂದಿಂಚು ಅಂದರೆ ನಿಜದ ಟ್ಯಾಂಕಿನಲ್ಲಿ 35 ಇಂಚು, ಹತ್ತಿರ ಹತ್ತಿರ ಮೂರಡಿ. ಅದೇನು 35 ಅಂತ ನನಗೂ ಅನ್ನಿಸಿತು. 1960ರ ದಶಕದ ಶುರುವಿನಲ್ಲಿ ಜಪಾನಿನ ತಮಿಯಾ ಕಂಪನಿಯವರು ಮೋಟಾರಿನಲ್ಲಿ ಓಡೋ ಒಂದು ಜರ್ಮನ್ ಟ್ಯಾಂಕಿನ ಆಟಿಕೆ ಮಾಡಿದರಂತೆ. ಒಳಗೆ ಬ್ಯಾಟರಿ ಸೆಲ್ಲು ಹಿಡಿಸಬೇಕಲ್ಲ, ಅಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ನಿಜದ ಟ್ಯಾಂಕಿನ 35ರಲ್ಲಿ ಒಂದು ಪಾಲು ಬಂತು. ಮುಂದೆ ಬೇರೆ ಟ್ಯಾಂಕುಗಳನ್ನೂ ಅದೇ ಅಳತೆಗೆ ಮಾಡಿದರು, ಬೇರೆ ಕಂಪನಿಯವರೂ ಹಿಡಿದುಕೊಂಡರು. ಇದ್ದ ಡಬ್ಬಿಗೆ ಹಿಡಿಸೋ ಹಾಗೆ ಚಕ್ಕುಲಿ ಒತ್ತಿದ ಹಾಗೆ! ಕೇಳಿ ನನಗೆ ಸಮಾಧಾನ ಆಯ್ತು. ದೊಡ್ಡ ದೊಡ್ಡ ಕಂಪನಿಯವರೂ ನಮ್ಮ ಥರಾನೇ.

ಟ್ಯಾಂಕಿನ ಹೆಸರು ಸ್ಟುವರ್ಟ್. ಎರಡನೇ ಮಹಾಯುದ್ಧದ್ದು, ಅಮೆರಿಕದಲ್ಲಿ ಮಾಡಿದ್ದು. ಟ್ಯಾಂಕುಗಳಲ್ಲಿ ಚಿಕ್ಕ ಜಾತಿ, ಒಳಗೆ ನಾಲ್ಕೇ ಜನ. ಓಡಿಸೋಕೆ ಹಿತವಾಗಿದೆ ಅಂತ ಬ್ರಿಟಿಷ್ ಸಿಪಾಯಿಗಳು ಇದನ್ನ ಹನಿ, ಜೇನು, ಅಂತ ಕರೀತಿದ್ದರಂತೆ. ಡಬ್ಬದ ಮೇಲಿನ ಚಿತ್ರದಲ್ಲಿ ಸುತ್ತಲೂ ಮರಳುಗಾಡು. ನಾನೂ ಮರಳಿನ ಬಣ್ಣಾನೇ ಬಳಿಯೋಣ ಅಂತಿದ್ದೆ. ಒಂದು ದಿನ ಇವರು ಕಾಫಿ ಲೋಟ ಹಿಡಿದುಕೊಂಡು ಬಂದು ಹೆಸರು ಓದಿ, "ಅರೆ, ಇದು ತಿಮ್ಮಯ್ಯನವರು ಬೆಟ್ಟ ಹತ್ತಿಸಿದ ಟ್ಯಾಂಕಲ್ವೇನೇ?" ಅಂದರು.

ಮಡಿಕೇರೀಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೇನ 2021ರಲ್ಲಿ ಮ್ಯೂಸಿಯಂ ಮಾಡಿದರಲ್ಲ, ಮರುವರ್ಷ ನಾವು ಹೋಗಿದ್ದೆವು. ಅಂಗಳದಲ್ಲಿ ನಿಲ್ಲಿಸಿರೋ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡೆವು. ಅದು ಇದಲ್ಲ, ಆಮೇಲಿನ ಕಾಲದ್ದು. ಇವರು ಅಲ್ಲಿ ಎಲ್ಲಾ ಓದಿಕೊಂಡು ಬಂದಿದ್ದರು, ನಾನು ಕಾಫಿಪುಡಿ, ಏಲಕ್ಕಿ ವಿಚಾರಿಸ್ತಿದ್ದೆ. ಇವರು ಹೇಳಿದ್ದು ಇಷ್ಟು.

1948ರ ಕಾಶ್ಮೀರದ ಯುದ್ಧ. ಶ್ರೀನಗರದಿಂದ ಲಡಾಖಿಗೆ ಹೋಗೋ ದಾರೀಲಿ ಜೋಜಿ ಲಾ ಅಂತ ಘಾಟಿ, ಸುಮಾರು 11,500 ಅಡಿ ಎತ್ತರ. ಎದುರಾಳಿಗಳು ಮೇಲೆ ಕೂತಿದ್ದರು. ಸೆಪ್ಟೆಂಬರ್‌ನಲ್ಲಿ ಕಾಲಾಳುಗಳು ಹತ್ತೋಕೆ ಹೋದರೆ ಆಗಲಿಲ್ಲ. ಅಲ್ಲಿ ಸೇನೆ ನಡೆಸ್ತಿದ್ದ ತಿಮ್ಮಯ್ಯನವರು ಟ್ಯಾಂಕು ಹತ್ತಿಸೋಣ ಅಂದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯವರ ಸ್ಟುವರ್ಟ್ ಟ್ಯಾಂಕುಗಳನ್ನ ಜಮ್ಮು ಕಡೆಯಿಂದ ಗುಟ್ಟಾಗಿ ತಂದರು. ದಾರೀಲಿ ಸೇತುವೆಗಳು ಭಾರ ತಡೆಯೋ ಹಾಗಿರಲಿಲ್ಲ, ನೋಡಿದವರಿಗೆ ಟ್ಯಾಂಕು ಅಂತ ಗೊತ್ತಾಗಲೂಬಾರದು. ಅದಕ್ಕೆ ಮೇಲೆ ತಿರುಗೋ ತಲೆ ಇರುತ್ತಲ್ಲ, ಟರೆಟ್ಟು, ಅದನ್ನ ಬಿಚ್ಚಿ, ಟಾರ್ಪಾಲು ಮುಚ್ಚಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗೋಷ್ಟೇ ದಾರಿ. ಅದನ್ನ ಟ್ಯಾಂಕು ಹೋಗೋ ಹಾಗೆ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್, ಅಂದರೆ ನಮ್ಮ ಹಲಸೂರು ಕೆರೆ ಪಕ್ಕದ ದಂಡಿನವರು. ನವೆಂಬರ್ 1ನೇ ತಾರೀಕು, ಹಿಮದಲ್ಲಿ, ಟ್ಯಾಂಕು ಮೇಲೆ ಹತ್ತಿತು. ತಿಮ್ಮಯ್ಯನವರೂ ಮುಂದಿನ ಟ್ಯಾಂಕಿನಲ್ಲೇ ಇದ್ದರು ಅಂತಾರೆ. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಗೆ ಬಂತು, ಲೇಹ್‌ಗೆ ದಾರಿ ತೆರೀತು.

ಕೇಳಿದ ಮೇಲೆ ಮರಳುಗಾಡು ಬೇಡ ಅನ್ನಿಸಿತು. ಹಸಿರು ಬಣ್ಣ ತೆಳುವಾಗಿ ನಾಲ್ಕು ಸಲ ಬಳಿದೆ, ಪ್ರತಿ ಸಲಾನೂ ಒಣಗೋಕೆ ಬಿಟ್ಟು. ಅಂಟಿಸೋಕೆ ಅಂತ ಕೊಟ್ಟಿದ್ದ ಗುರುತಿನ ಚೀಟಿಗಳು ಇಪ್ಪತ್ತು ವರ್ಷದಲ್ಲಿ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಸಂಡಿಗೆ ಜೊತೆ ಅವನ್ನೂ ಬಿಸಿಲಿಗಿಟ್ಟೆ. ನಂಬ್ತೀರೋ ಇಲ್ಲವೋ, ಬೆಳ್ಳಗಾದವು. ಆದರೆ ನೀರಿಗೆ ಹಾಕಿದ ತಕ್ಷಣ ಹಪ್ಪಳದ ಥರ ಚೂರುಚೂರು. "ಹೋಗಲಿ ಬಿಡು, ನಮ್ಮ ಟ್ಯಾಂಕಿಗೆ ಅಮೆರಿಕದ ನಕ್ಷತ್ರ ಯಾಕೆ" ಅಂದರು ಇವರು. ಚಕ್ರಕ್ಕೆ ಸುತ್ತೋ ರಬ್ಬರಿನಂಥ ಪಟ್ಟಿ ಗಡುಸಾಗಿ ತುದಿ ಸೇರಲಿಲ್ಲ. ಕರೀ ದಾರದಲ್ಲಿ ಹೊಲಿದೆ. ಹಿಮಕ್ಕೆ? ರಂಗೋಲಿ ಪುಡಿ!

ನಾದಿನಿ ಬಂದವಳು "ಮನೇಲಿ ಯುದ್ಧದ ವಸ್ತು ಯಾಕತ್ತಿಗೆ?" ಅಂದಳು. ಮುಚ್ಚಳ ತೆಗೆದು ಒಳಗೆ ತೋರಿಸಿದೆ. "ನಾಲ್ಕು ಜನ ಇಷ್ಟರೊಳಗೆ ಕೂತು ಆ ಹಿಮದಲ್ಲಿ ಹೋದರು ಕಣೆ. ನಮ್ಮ ಬಚ್ಚಲುಮನೆಯಷ್ಟೂ ಜಾಗ ಇಲ್ಲ." ಅವಳ ಮಗ ನೇವಿಯಲ್ಲಿದ್ದಾನೆ. ಸುಮ್ಮನೆ ಸ್ವಲ್ಪ ಹೊತ್ತು ನೋಡ್ತಾ ಕೂತಳು.

ಇಷ್ಟೆಲ್ಲ ಆದರೂ ಮಗನಿಗೆ ಹೇಳಿರಲಿಲ್ಲ. ಹೇಳೋಕೆ ಬಾಯಿ ಬರಲಿಲ್ಲ ಅನ್ನೋದೇ ನಿಜ. ಎಲ್ಲಾ ಮುಗಿದು ಟರೆಟ್ಟು ಕೂರಿಸೋದೊಂದು ಬಾಕಿ. ಒಂದು ಭಾನುವಾರ ಬೆಳಗ್ಗೆ, ಅವರಿಗೆ ಶನಿವಾರ ರಾತ್ರಿ, ವೀಡಿಯೋ ಕಾಲ್‌ನಲ್ಲಿ ಎತ್ತಿ ತೋರಿಸಿದೆ. ಅವನು ಏನೂ ಮಾತಾಡಲಿಲ್ಲ. ಆಮೇಲೆ, "ಎಡಗಡೆ ನಾನು ಮಾಡಿದ್ದು" ಅಂದ.

"ಗೊತ್ತು ಕಣೋ. ಅಟ್ಟದಲ್ಲಿತ್ತು. ಮರೆತೇಬಿಟ್ಟಿದ್ದೆ."

"ಅಟ್ಟದಲ್ಲಿತ್ತು ಅಂತ ನನಗೆ ಗೊತ್ತಿತ್ತಮ್ಮ. ಹಾಸ್ಟೆಲ್ಲಿಂದ ಮೊದಲನೇ ದಸರಾಗೆ ಬಂದಾಗ ಗೊಂಬೆ ಟ್ರಂಕು ಇಳಿಸಿಕೊಟ್ಟಿದ್ದು ನಾನೇ ಅಲ್ವಾ."

"ಮತ್ತೆ ಯಾಕೋ ಕೇಳಲಿಲ್ಲ?"

"ನೀನೇ ಕೊಡ್ತೀನಿ ಅಂದಿದ್ದೆಯಲ್ಲ, ಕೊಡ್ತೀಯ ಅಂದುಕೊಂಡೆ. ಆಮೇಲಾಮೇಲೆ ಬೇಕು ಅನ್ನಿಸಲಿಲ್ಲ."

ಕೋಪ ಇಲ್ಲ, ಏನಿಲ್ಲ, ಅಡುಗೆಗೆ ಉಪ್ಪು ಕಡಿಮೆ ಅಂತ ಹೇಳೋ ಹಾಗೆ ಹೇಳಿದ. ನನಗೆ ಮಾತ್ರ ಎದೇಲಿ ಏನೋ ಕೂತ ಹಾಗಾಯ್ತು. ಓದಿಸಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಎತ್ತಿಟ್ಟಿದ್ದಕ್ಕೂ ಇಲ್ಲ. ತಿಮ್ಮಯ್ಯನವರೂ ಟರೆಟ್ಟು ಬಿಚ್ಚಿ ಮುಚ್ಚಿಟ್ಟೇ ಸಾಗಿಸಿದರು, ಆದರೆ ಮೇಲೆ ಹತ್ತೋ ಹೊತ್ತಿಗೆ ನೆನಪಿನಿಂದ ಮತ್ತೆ ಕೂರಿಸಿದರು. ನಾನು ಮಾತು ಕೊಟ್ಟು ಮರೆತೆ, ಅವನು ಮಾತಿಗೆ ಕಾದ.

"ತಪ್ಪಾಯ್ತು ಕಣೋ ಪುಟ್ಟು" ಅಂದೆ. ಹೆತ್ತ ಮಗನಿಗೆ ಆ ಮಾತು ಹೇಳಿದ್ದು ಅದೇ ಮೊದಲು.

"ಅಯ್ಯೋ ಬಿಡಮ್ಮ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಆ ಕಡೆ ತಿರುಗಿಸು, ನೀನು ಮಾಡಿರೋ ಚಕ್ರ ನೋಡ್ತೀನಿ" ಅಂದ. ತೋರಿಸಿದೆ. ಒಂದು ಚಕ್ರ ಸೊಟ್ಟಗೆ ನೆಲ ಬಿಟ್ಟು ನಿಂತಿದೆ, ಬೂದಿ ಹಿಡಿದ ಕಲೆ ಬಣ್ಣದಡಿಯಿಂದ ಇಣುಕ್ತಿದೆ. ಬಿದ್ದು ಬಿದ್ದು ನಕ್ಕ. ಮಗಳನ್ನ ಕೂಗಿ, "ಬಾ ಇಲ್ಲಿ, ಅಜ್ಜಿ ಟ್ಯಾಂಕು ನೋಡು" ಅಂದ.

"ಟರೆಟ್ಟು ನೀನು ಬಂದಾಗ ಕೂರಿಸುವೆಯಂತೆ, ಹಾಗೇ ಇಟ್ಟಿರಲಾ?" ಅಂತ ಕೇಳಿದೆ.

"ಬೇಡಮ್ಮ, ಈಗಲೇ ಕೂರಿಸು. ಇಲ್ಲಾಂದರೆ ಇನ್ನಿಪ್ಪತ್ತು ವರ್ಷ ಅಟ್ಟ ಸೇರುತ್ತೆ."

ಅವರಿಬ್ಬರೂ ನೋಡ್ತಿದ್ದ ಹಾಗೇ ಕೂರಿಸಿದೆ. ಇದಕ್ಕೆ ಅಂಟು ಬೇಡ, ಕಿವಿಗೆ ಓಲೆ ಕೂರೋ ಹಾಗೆ ಒತ್ತಿ ತಿರುಗಿಸಿದರೆ ಕೂರುತ್ತೆ.

ಈ ಸಲ ಗೊಂಬೆ ಸಾಲಿನಲ್ಲಿ ಕೆಳಗಿನ ಮೆಟ್ಟಿಲ ಮೇಲೆ, ಶೆಟ್ಟರ ಅಂಗಡಿ ಪಕ್ಕದಲ್ಲಿ ಇಡ್ತೀನಿ. ಮಕ್ಕಳನ್ನ ಕರೆದುಕೊಂಡೇ ಬನ್ನಿ, ಮುಟ್ಟಲಿ ಪರವಾಗಿಲ್ಲ, ರಂಗೋಲಿ ಹಿಮ ಮಾತ್ರ ಊದದೇ ಇರಲಿ. ಎಡಗಡೆಯಿಂದ ನೋಡಿ, ಅದು ಚೆನ್ನಾಗಿದೆ. ಗೊಂಬೆ ಇಳಿಸೋವಾಗ ಟ್ರಂಕಿನ ಹಿಂದೆ ನೀವೂ ಒಂದು ಸಲ ಕೈಯಾಡಿಸಿ ನೋಡಿ. ಪರೀಕ್ಷೆ ಮುಗಿದ ಮೇಲೆ ಕೊಡ್ತೀನಿ ಅಂದಿದ್ದು ಯಾವುದಾದರೂ ಉಳಿದಿರಬಹುದು.