ದ್ರೋಣಿಯ ಮೇಲಿನ ಮೌನ

ಮೈಸೂರಿನ ರಾಮಕೃಷ್ಣನಗರದ ಆಂದೋಲನ ವೃತ್ತದಿಂದ ಸ್ವಲ್ಪ ಒಳಗೆ ನಮ್ಮ ಅಭ್ಯಂಗದ ಕೋಣೆ. ಬರುವವರೆಲ್ಲ ಹೆಂಗಸರು. ನಿವೃತ್ತ ಟೀಚರುಗಳು, ಬ್ಯಾಂಕಿನಲ್ಲಿ ಕೂತು ಕೂತು ಸೊಂಟ ಹಿಡಿಸಿಕೊಂಡವರು, ಬಾಣಂತನ ಮುಗಿಸಿದ ಹುಡುಗಿಯರು, ದಟ್ಟಗಳ್ಳಿ ಕುವೆಂಪುನಗರಗಳ ಗೃಹಿಣಿಯರು. ಬಾಗಿಲಲ್ಲಿ ಚಪ್ಪಲಿ ಬಿಡುವವರೆಗೂ ಮಾತು ಹರಿಯುತ್ತಿರುತ್ತದೆ. ದ್ರೋಣಿಯ, ಅಂದರೆ ಎಣ್ಣೆ ತಿಕ್ಕುವ ಮಂಚದ, ಮೇಲೆ ಬೋರಲು ಮಲಗಿದರೋ, ಮುಗಿಯಿತು. “ಎಲ್ಲಿ ನೋವಮ್ಮ?” ಅಂದರೆ “ಎಲ್ಲಾ ಕಡೆ.” “ಒತ್ತಿದ್ದು ಜಾಸ್ತಿ ಆಯ್ತಾ?” ಅಂದರೆ “ಪರವಾಗಿಲ್ಲ.” ಎಣ್ಣೆಯ ಬಿಸಿ ಕೇಳಿದರೂ ಅದೇ ಉತ್ತರ.

ಇದನ್ನು ಬಿಗುಮಾನ ಅನ್ನುವವರು ನಮ್ಮ ಕಸುಬಿನಲ್ಲೇ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ತುಂಡು ಬಟ್ಟೆ ಹೊದ್ದು ಗುರುತಿಲ್ಲದವಳ ಕೈಗೆ ಮೈ ಕೊಡುವುದು ಸಣ್ಣ ಮಾತಲ್ಲ. ಅದರ ಮೇಲೆ, ನೋವನ್ನು ನುಂಗಿಕೊಳ್ಳುವುದೇ ಮರ್ಯಾದೆ ಎಂದು ಕಲಿತು ಬೆಳೆದವರು ಇವರು. ಹಿಂದೆ ಮನೆಗೆ ಬಂದು ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ಅಜ್ಜಿಗೆ ಮನೆಯ ಸುದ್ದಿಯೆಲ್ಲ ಗೊತ್ತಿರುತ್ತಿತ್ತು, ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಅರಮನೆಯ ಆಶ್ರಯದಲ್ಲಿದ್ದ, ವಿಜಯದಶಮಿಯ ದಿನ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ನಮ್ಮೂರಿನ ಜಟ್ಟಿಗಳು ಉಳುಕು ತೆಗೆಯುವುದಕ್ಕೂ ಮೂಳೆ ಕೂರಿಸುವುದಕ್ಕೂ ಹೆಸರಾದವರು. ಗರಡಿಯ ಮಣ್ಣಿನಲ್ಲಿ ದಿನಾ ಕಂಡ ಮೈ ಅವರಿಗೆ ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ನನ್ನ ಮುಂದೆ ಮಲಗಿದವರ ಪರಿಚಯ ನನಗೆ ಹತ್ತು ನಿಮಿಷದ್ದು.

1908ರಷ್ಟು ಹಿಂದೆಯೇ ಆಯುರ್ವೇದ ಕಾಲೇಜು ಕಂಡ ಊರು ಮೈಸೂರು. ಹಾಗಾಗಿ ಇಲ್ಲಿಯ ಜನಕ್ಕೆ ಎಣ್ಣೆಗಳ ಹೆಸರು ಬಾಯಲ್ಲೇ ಇರುತ್ತದೆ. ವೈದ್ಯರ ಚೀಟಿಯಲ್ಲಿ ಕ್ಷೀರಬಲಾ ಎಂದೋ ಧನ್ವಂತರಂ ಎಂದೋ ಬರೆದಿರುತ್ತದೆ. ಎಷ್ಟು ಒತ್ತಬೇಕು ಎಂದು ಮಾತ್ರ ಯಾವ ಚೀಟಿಯಲ್ಲೂ ಇರುವುದಿಲ್ಲ. ಅದನ್ನು ಮೈಯೇ ಹೇಳಬೇಕು.

ಹೇಳುತ್ತದೆ ಕೂಡ. ಮಲಗಿದವರ ಕೈಯನ್ನು ಮೆಲ್ಲಗೆ ಎತ್ತಿ ಬಿಟ್ಟು ನೋಡಿ. ಸಡಿಲವಾದ ಕೈ ಧೊಪ್ಪನೆ ಬೀಳುತ್ತದೆ. ಮಾತಾಡದ ಎಷ್ಟೋ ಜನರ ಕೈ ಬೀಳುವುದೇ ಇಲ್ಲ, ಎತ್ತಿದ ಎತ್ತರದಲ್ಲೇ ನಿಂತಿರುತ್ತದೆ. “ಕೈ ಬಿಡಿ ಅಮ್ಮ” ಅಂದರೆ “ಬಿಟ್ಟಿದೀನಲ್ಲ” ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ವರ್ಷಗಟ್ಟಲೆ ಹಿಡಿದಿಟ್ಟುಕೊಂಡದ್ದು ಈಗ ಹಿಡಿತ ಅನ್ನಿಸುವುದೇ ಇಲ್ಲ. ಹೆಗಲ ಸಂದಿಗೆ ಹೆಬ್ಬೆರಳು ಇಟ್ಟಾಗ ಉಸಿರು ನಿಂತರೆ, ಕಾಲ್ಬೆರಳು ಮಡಚಿಕೊಂಡರೆ, ಒತ್ತಿದ್ದು ಜಾಸ್ತಿಯಾಗಿದೆ ಎಂದೇ ಲೆಕ್ಕ. ಬಾಯಿ ಪರವಾಗಿಲ್ಲ ಅಂದರೂ ನಾನು ಕೈ ಹಗುರ ಮಾಡುತ್ತೇನೆ. ಉಸಿರು ಉದ್ದವಾಗಿ ಹೊಟ್ಟೆಯಿಂದ ಬರುತ್ತಿದ್ದರೆ ಆ ಮೌನ ವಿಶ್ರಾಂತಿಯದು. ಅಲ್ಲಿ ನಾನು ತುಟಿ ತೆರೆಯುವುದಿಲ್ಲ. ಮನೆ ತುಂಬ ಜನರಿಗೆ ದಿನವಿಡೀ ಉತ್ತರ ಕೊಟ್ಟು ಬಂದ ಹೆಂಗಸಿಗೆ ಸುಮ್ಮನಿರುವ ಒಂದು ಗಂಟೆ ಎಣ್ಣೆಗಿಂತ ಹೆಚ್ಚಿನ ಔಷಧಿ.

ಕೇಳಲೇಬೇಕಾದಾಗ ಕೇಳುವ ರೀತಿ ಬದಲಿಸಬೇಕು. “ಹೇಗಿದೆ?” ಅನ್ನುವುದಕ್ಕೆ ಉತ್ತರ ಬರುವುದಿಲ್ಲ. “ಬಿಗಿ ಈ ಹೆಗಲಲ್ಲೋ, ಆ ಹೆಗಲಲ್ಲೋ?” ಎಂದರೆ ಬರುತ್ತದೆ. ಪ್ರತಿ ಶನಿವಾರ ಬರುತ್ತಿದ್ದ ನಿವೃತ್ತ ಟೀಚರೊಬ್ಬರು ‘ಹೂಂ’ ಬಿಟ್ಟು ಇನ್ನೇನೂ ಅಂದವರಲ್ಲ. ಅವರ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಒಂದು ದಿನ, “ಟೀಚರೇ, ಬೋರ್ಡಿನ ಮೇಲೆ ಬರೀತಿದ್ದ ಕೈ ಇದೇನಾ?” ಅಂದೆ. ಅಷ್ಟೇ ಸಾಕಾಯಿತು. ಕೊನೆಯ ವರ್ಷಗಳಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲಿ ಮಾತ್ರ ಬರೆದದ್ದು, ಹಿಂದಿನ ಬೆಂಚಿನ ಮಕ್ಕಳು ಕಾಣಿಸುತ್ತಿಲ್ಲ ಎಂದು ಗಲಾಟೆ ಮಾಡಿದ್ದು, ಎಲ್ಲ ಬಂತು. ಮಾತಿನ ನಡುವೆ ಸಕ್ಕರೆ ಕಾಯಿಲೆಯೂ ಬಂತು. ಮೊದಲ ದಿನ ಕೊಟ್ಟ ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರು. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಹೀಗೆ ಹಿಡಿದುಕೊಳ್ಳುವುದು ಹೆಚ್ಚು. ಪಾದ ಜೋಮು ಹಿಡಿದಿದ್ದರೆ ಎಣ್ಣೆ ಸುಡುತ್ತಿರುವುದೂ ಅವರಿಗೆ ತಿಳಿಯುವುದಿಲ್ಲ. ಅಂದಿನಿಂದ ಅವರ ಪಾದಕ್ಕೆ ಉಗುರು ಬೆಚ್ಚಗಿನದಷ್ಟೇ, ಅದೂ ನನ್ನ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದ ಮೇಲೆ.

ಬಿಗಿ, ಭಯ, ಸಂಕೋಚ ಇವೆಲ್ಲ ಕೈಗೆ ಸಿಗುತ್ತವೆ. ಕೈಗೆ ಸಿಗದವೂ ಇವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವುದು ಬೆನ್ನಿನ ಮೇಲೆ ಬರೆದಿರುವುದಿಲ್ಲ. ಇನ್ನೂ ಯಾರಿಗೂ ಹೇಳದ ಬಸಿರು ಗೊತ್ತಾಗುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು. ಅಜೀರ್ಣವಾದಾಗ ಅಭ್ಯಂಗ ಬೇಡ ಎಂದು ವಾಗ್ಭಟನ ಅಷ್ಟಾಂಗಹೃದಯವೂ ಹೇಳಿದೆ. ಬೆಳಿಗ್ಗೆ ಹೊಟ್ಟೆ ಕೆಟ್ಟದ್ದನ್ನು ನೀವು ಹೇಳದೆ ನನಗೆ ಹೇಗೆ ತಿಳಿಯಬೇಕು?

ದ್ರೋಣಿ ಹತ್ತುವ ಮುಂಚೆ ಇಷ್ಟು ಹೇಳಿಬಿಡಿ, ಅಮ್ಮಂದಿರೇ. ಆಮೇಲೆ ಒಂದು ಗಂಟೆ ಒಂದೂ ಮಾತಾಡಬೇಡಿ, ನಾನೂ ಕೇಳುವುದಿಲ್ಲ.